ಎರಡು ಗಾಂಧಾರಗಳ ಜಗಳ

ಗಿಟಾರ್ ಕೈಗೆ ಬಂದವರು ಮೊದಲು ಕಾರ್ಡ್‌ಗಳ ಪಟ ಉರುಹೊಡೆಯುತ್ತಾರೆ. ಈ ಕಾರ್ಡ್ ಆದಮೇಲೆ ಅದೇ ಯಾಕೆ ಬಂತು ಎಂದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ದಪ್ಪ ಥಿಯರಿ ಪುಸ್ತಕ ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ಅಮೆರಿಕದ ಕಪ್ಪು ಜನರು ಕಟ್ಟಿದ 12 ಬಾರ್‌ಗಳ ಬ್ಲೂಸ್ ಕಿವಿಗೊಟ್ಟು ಕೇಳಿ.

ನಾಲ್ಕು ಎಣಿಕೆಗೆ ಒಂದು ಬಾರ್. 48 ಎಣಿಕೆಗೆ ಒಂದು ಆವರ್ತ. ದಪ್ಪನೆಯ ಆರನೇ ತಂತಿಯನ್ನು ಷಡ್ಜ ಎಂದಿಟ್ಟುಕೊಂಡರೆ 5ನೇ ಫ್ರೆಟ್ ಮಧ್ಯಮ, 7ನೆಯದು ಪಂಚಮ, 12ನೆಯದು ತಾರ ಷಡ್ಜ. ಬ್ಲೂಸ್ ನಿಂತಿರುವುದು ಷಡ್ಜ, ಮಧ್ಯಮ, ಪಂಚಮಗಳ ಮೇಲೆ ಕಟ್ಟಿದ ಮೂರೇ ಕಾರ್ಡ್‌ಗಳ ಮೇಲೆ. ಮೊದಲ ನಾಲ್ಕು ಬಾರ್ ಷಡ್ಜ, ಆಮೇಲೆ ಎರಡು ಮಧ್ಯಮ, ಎರಡು ಷಡ್ಜ. 9ನೆಯದು ಪಂಚಮ, 10ನೆಯದು ಮಧ್ಯಮ, ಕೊನೆಗೆ ಮತ್ತೆ ಷಡ್ಜ. ಕೆಲವರು ಎರಡನೇ ಬಾರ್‌ನಲ್ಲೇ ಒಮ್ಮೆ ಮಧ್ಯಮಕ್ಕೆ ಹೋಗಿ ಬರುವುದುಂಟು.

ಸಾಹಿತ್ಯವೂ ಸಾಮಾನ್ಯವಾಗಿ ಇದೇ ಲೆಕ್ಕಕ್ಕೆ ಕೂರುತ್ತದೆ: ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಮೂರನೆಯದರಲ್ಲಿ ಉತ್ತರ. ಪ್ರತಿ ಸಾಲಿಗೂ ನಾಲ್ಕು ಬಾರ್. ದನಿ ಅಷ್ಟನ್ನೂ ತುಂಬುವುದಿಲ್ಲ. ಉಳಿದ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ.

ನಿಜವಾದ ರುಚಿ ಇರುವುದು ಗಾಂಧಾರದಲ್ಲಿ. ಬ್ಲೂಸ್ ಗಿಟಾರಿಗರು ಮೊದಲು ಕಲಿಯುವ ಮೈನರ್ ಪೆಂಟಟೋನಿಕ್ ಬೇರೇನೂ ಅಲ್ಲ, ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ. (ರಾಗ ಅದೇ ಎಂದಲ್ಲ, ಸ್ವರಗಳು ಮಾತ್ರ.) ಅದರಲ್ಲಿರುವುದು ಸಾಧಾರಣ ಗಾಂಧಾರ, 3ನೇ ಫ್ರೆಟ್. ಆದರೆ ಕೆಳಗೆ ನುಡಿಯುತ್ತಿರುವ ಷಡ್ಜದ ಸೆವೆಂತ್ ಕಾರ್ಡ್‌ನಲ್ಲಿ ಇರುವುದು ಅಂತರ ಗಾಂಧಾರ, 4ನೇ ಫ್ರೆಟ್. ಎರಡೂ ಒಟ್ಟಿಗೆ! ಪಾಶ್ಚಾತ್ಯ ಶಾಸ್ತ್ರೀಯ ಪಾಠದ ಪ್ರಕಾರ ಒಂದಕ್ಕೊಂದು ಒಗ್ಗಬಾರದು. ಇಲ್ಲಿ ಆ ತಿಕ್ಕಾಟವೇ ಜೀವ. ಬಿ. ಬಿ. ಕಿಂಗ್‌ರಂಥವರು ತಂತಿಯನ್ನು ಪಕ್ಕಕ್ಕೆ ಎಳೆದು ಈ ಎರಡರ ನಡುವೆ, ಯಾವ ಫ್ರೆಟ್ಟಿಗೂ ಸಿಗದ ಜಾಗದಲ್ಲಿ ನಿಲ್ಲುತ್ತಾರೆ. ವೀಣೆ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಐದನೇ ಬಾರ್. ಕಾರ್ಡ್ ಮಧ್ಯಮಕ್ಕೆ ಸರಿಯುತ್ತದೆ. ಆ ಸೆವೆಂತ್ ಕಾರ್ಡ್‌ನ ಹೊಟ್ಟೆಯಲ್ಲೇ ಸಾಧಾರಣ ಗಾಂಧಾರವಿದೆ. ಇಷ್ಟು ಹೊತ್ತು ಜಗಳವಾಡುತ್ತಿದ್ದ ಸ್ವರ ಬೆರಳು ಕದಲಿಸದೆಯೇ ಹೊಂದಿಕೊಂಡುಬಿಡುತ್ತದೆ. ನನ್ನ ಮಟ್ಟಿಗೆ ಇಡೀ ಥಿಯರಿಯ ತಿರುಳು ಈ ಒಂದು ಕ್ಷಣದಲ್ಲಿದೆ: ಸ್ವರದ ಬೆಲೆ ಕಟ್ಟುವುದು ಅದರ ಕೆಳಗಿನ ಕಾರ್ಡ್.

ಎಣಿಸಲು ಚಕ್ ಬೆರ್ರಿಯ ‘ಜಾನಿ ಬಿ. ಗುಡ್’ (1958) ಒಳ್ಳೆಯದು, ತಾಳ ತಪ್ಪುವ ಭಯವಿಲ್ಲ. ಅದರಲ್ಲಿ 10ನೇ ಬಾರ್ ಕೂಡ ಪಂಚಮದಲ್ಲೇ ಉಳಿಯುತ್ತದೆ. ಕೈ ಕುದುರಿದ ಮೇಲೆ ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಧ್ವನಿಮುದ್ರಿಸಿದ ‘ಸ್ವೀಟ್ ಹೋಮ್ ಶಿಕಾಗೊ’ಗೆ ಬನ್ನಿ. ಜಾನ್ ಲೀ ಹೂಕರ್‌ನನ್ನು ಕೊನೆಗಿಟ್ಟುಕೊಳ್ಳಿ. ಅವನ ‘ಬೂಗಿ ಚಿಲ್ಲೆನ್’ (1948) ಒಂದೇ ಕಾರ್ಡ್ ಸುತ್ತ ಸುತ್ತುತ್ತದೆ, ತಾಳಕ್ಕೆ ಅವನ ಕಾಲಿನ ಸದ್ದೇ ಗತಿ; 12ರ ಲೆಕ್ಕ ಅಲ್ಲಿ ನಡೆಯುವುದಿಲ್ಲ.