ಹದಿನೆಂಟು ವರ್ಷಗಳ ಮುಸುಕು

ಗಲಭೆ ಅಡಗಿದ ಮೇಲೆ ಸರಕಾರವು ಮಡಿದವರನ್ನೂ ಸುಟ್ಟ ವಾಹನಗಳನ್ನೂ ಎಣಿಸುತ್ತದೆ. ನೆರೆಹೊರೆಯವರ ನಡುವೆ ಉಳಿದ ಅಂಜಿಕೆಯನ್ನು ಎಣಿಸುವ ಅಳತೆಗೋಲು ಅದರ ಬಳಿ ಇಲ್ಲ. ಹಾಗೆ ಉಳಿದುದರ ಸ್ವರೂಪವನ್ನು ಬೆಂಗಳೂರಿನ ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆಯ ಚರಿತ್ರೆಯು ಸ್ಪಷ್ಟವಾಗಿ ತೋರಿಸುತ್ತದೆ.

1991ರಲ್ಲಿ ಸಿದ್ಧವಾದ ಆ ಪ್ರತಿಮೆಯು ವಿರೋಧದ ಕಾರಣ ಅನಾವರಣಗೊಳ್ಳದೆ ಮುಸುಕಿನೊಳಗೇ ಉಳಿಯಿತು. ಅದೇ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವು ಗೆಜೆಟ್ಟಿನಲ್ಲಿ ಪ್ರಕಟವಾದೊಡನೆ ನಗರದ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಮುಸ್ಲಿಮರಿಗೂ ಅದೇ ಸಂಕಟ ಒದಗಿತು. ಅಹಿಂಸೆಗೂ ಮಾಂಸತ್ಯಾಗಕ್ಕೂ ತನ್ನ ಕುರಳಿನಲ್ಲಿ ಪ್ರತ್ಯೇಕ ಅಧಿಕಾರಗಳನ್ನು ಮೀಸಲಿಟ್ಟ, ಜೈನನೆಂದು ಹಲವು ವಿದ್ವಾಂಸರು ಭಾವಿಸುವ ಕವಿಯ ಮುಸುಕು ಸರಿದದ್ದು 2009ರ ಆಗಸ್ಟ್ 9ರಂದು. ನಾಲ್ಕು ದಿನಗಳ ಬಳಿಕ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು.

ಈ ವಿನಿಮಯವು ಸ್ತುತ್ಯರ್ಹವೇ. ಆದರೆ ಅದು ಎರಡು ಸರಕಾರಗಳ ಸೌಹಾರ್ದ. ನೊಂದವರೂ ನೋಯಿಸಿದವರೂ ಎದುರುಬದುರು ನಿಂತ ಗಳಿಗೆಯಲ್ಲ. ಅದರ ಕೊರತೆ 2016ರ ಸೆಪ್ಟೆಂಬರ್ 12ರಂದು ಬಯಲಾಯಿತು. ನೀರು ಬಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ ಬೆನ್ನಲ್ಲೇ ತಮಿಳುನಾಡು ನೋಂದಣಿಯ ಹತ್ತಾರು ಬಸ್ಸುಗಳು ಬೆಂಕಿಗೆ ಆಹುತಿಯಾದವು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ವಿಧಿಸಲಾಯಿತು.

ಕನಕಪುರ ರಸ್ತೆಯ ಸಾರಕ್ಕಿಯಂತಹ ಕಡೆ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಮಾರುಕಟ್ಟೆಯಲ್ಲಿ ಕೇಳಿಬರುತ್ತವೆ. ಕಾವೇರಿಯ ಸುದ್ದಿ ಬಂದ ದಿನ ಅಲ್ಲಿ ಒಬ್ಬರು ಮಾತೃಭಾಷೆಯಲ್ಲಿ ಮಾತನಾಡುತ್ತ ದನಿ ತಗ್ಗಿಸಿದರೆ, ಪಕ್ಕದವರು ಅದನ್ನು ಅರಿತೂ ಸುಮ್ಮನಿದ್ದರೆ, ಹಳೆಯ ಗಲಭೆಯು ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.

ಜೈನಾಚಾರ್ಯರು ಪಾಪವನ್ನು ಕೃತ, ಕಾರಿತ, ಅನುಮೋದನೆ ಎಂದು ಮೂರಾಗಿ ವಿವೇಚಿಸಿದ್ದಾರೆ. ಕಲ್ಲೆಸೆದವನನ್ನೂ ಎಸೆಯಿಸಿದವನನ್ನೂ ನ್ಯಾಯಾಲಯವು ವಿಚಾರಿಸಬಹುದು. "ಅವರಿಗೆ ತಕ್ಕ ಶಾಸ್ತಿಯಾಯಿತು" ಎಂದು ಬಾಗಿಲು ಮುಚ್ಚಿ ಮನದಲ್ಲೇ ಸಮಾಧಾನಪಟ್ಟ ಗೃಹಸ್ಥನನ್ನು ಯಾವ ನ್ಯಾಯಾಲಯವೂ ಕರೆಯದು. ಅವನಿಗೆ ಪ್ರತಿಕ್ರಮಣವೊಂದೇ ದಾರಿ. ವಿರೋಧಿಸಲಾಗದೆ ಹೆದರಿ ಮೌನವಾಗಿದ್ದವನನ್ನು ಅವನೊಡನೆ ಸೇರಿಸುವುದು ನ್ಯಾಯವಲ್ಲ. ಆದರೆ ಭಯ ಕಳೆದ ಮೇಲೂ ಮುಂದುವರಿದ ಮೌನಕ್ಕೆ ಅವನೂ ಉತ್ತರಿಸಬೇಕು.

ಕ್ಷಮಾವಾಣಿಯ ದಿನ ಬಸದಿಯ ಅಂಗಳದಲ್ಲಿ ಶ್ರಾವಕರು ಪರಸ್ಪರ ಕ್ಷಮೆ ಯಾಚಿಸುತ್ತಾರೆ. ದಿನವೂ ಒಡನಾಡುವ ಸ್ವಜನರಲ್ಲಿ ಕೇಳುವ ಕ್ಷಮೆ ಸುಲಭವಾದುದು. ಆ ಮಾತು ಬಸದಿಯ ಬಾಗಿಲು ದಾಟಿ, ಅಂದು ಹೆದರಿ ದೀಪ ಆರಿಸಿ ಕುಳಿತಿದ್ದ ನೆರೆಮನೆಯನ್ನು ತಲಪುವಂತೆ ಆಡಳಿತ ಮಂಡಳಿಗಳು ವಿಚಾರ ಮಾಡಬೇಕು. ಪ್ರತಿಮೆಯ ಮುಸುಕನ್ನು ಸರಕಾರ ಸರಿಸಿತು. ಈ ಕೆಲಸ ಮಾತ್ರ ನೆರೆಯವರದೇ.