ಅರ್ಜಿದಾರರಿಲ್ಲದ ವರದಿ

ಸಾರ್ವಜನಿಕ ಆಡಳಿತ ಓದುವ ವಿದ್ಯಾರ್ಥಿಗಳು ಸರ್ಕಾರಿ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮುಗಿಸಿ ಒಪ್ಪಿಸುವ ವರದಿಗೆ ಒಂದು ಸಿದ್ಧ ಅಚ್ಚಿದೆ. ಮೊದಲು ಕಾಲೇಜಿನ ಲಾಂಛನ, ಮಾರ್ಗದರ್ಶಕರ ಪ್ರಮಾಣಪತ್ರ, ಕೃತಜ್ಞತೆ. ಆಮೇಲೆ ಪಂಚಾಯಿತಿಯ ಜನಸಂಖ್ಯೆ, ಅಧ್ಯಕ್ಷರಿಂದ ನೀರಗಂಟಿಯವರೆಗಿನ ಹುದ್ದೆಗಳ ಪಟ್ಟಿ, ಸಂವಿಧಾನದ 73ನೇ ತಿದ್ದುಪಡಿಯ ಬಗ್ಗೆ ಎರಡು ಪುಟ. ಕೊನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಪಕ್ಕದಲ್ಲಿ ನಿಂತ ಫೋಟೊ. ಹಾಳೆ ಎಷ್ಟು ತಿರುವಿದರೂ ಅದರಲ್ಲಿ ಒಬ್ಬ ಅರ್ಜಿದಾರರು ಸಿಗುವುದಿಲ್ಲ. ಯಾರು ಏನು ಕೇಳಿಕೊಂಡು ಬಂದರು, ಎಷ್ಟು ಸಲ ಬಂದರು, ಬರಿಗೈಯಲ್ಲಿ ಹೋದವರು ಯಾಕೆ ಹೋದರು ಎಂಬುದು ಅಚ್ಚಿನೊಳಗೆ ಇಲ್ಲ.

ಹಗರಿಬೊಮ್ಮನಹಳ್ಳಿಯಂಥ ಊರಿನಲ್ಲಿ ಇದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಇಲ್ಲಿನ ಸರ್ಕಾರಿ ಪದವಿ ಕಾಲೇಜಿಗೆ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹುಡುಗಿ ಸರ್ಕಾರವನ್ನು ಮೊದಲು ಕಾಣುವುದು ಇಂಟರ್ನ್‌ಶಿಪ್ಪಿನಲ್ಲಿ ಅಲ್ಲ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕೆಂದು ಅವಳು ನಾಡಕಚೇರಿಯ ಸಾಲಿನಲ್ಲಿ ನಿಂತಿದ್ದಾಳೆ. ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎನ್ನಿಸಿಕೊಂಡಿದ್ದಾಳೆ. ಅವ್ವನ ಪಿಂಚಣಿ ಯಾಕೆ ನಿಂತಿತೆಂದು ಕೇಳಲು ಹೋಗಿದ್ದಾಳೆ. ಪಠ್ಯದಲ್ಲಿ ಅಧಿಕಾರಶಾಹಿಯ ಅಧ್ಯಾಯ ಬರುವ ಹೊತ್ತಿಗೆ ಕಿಟಕಿಯ ಹೊರಗಿನ ಅಧ್ಯಾಯ ಅವಳಿಗೆ ಬಾಯಿಪಾಠವಾಗಿರುತ್ತದೆ. ಇಂಟರ್ನ್‌ಶಿಪ್ ಅವಳನ್ನು ಕಿಟಕಿಯ ಒಳಗೆ ಕೂರಿಸಿ, ಹೊರಗೆ ಕಲಿತದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಪದ್ಧತಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ.

ಸೇವೆಯ ಮೂಲಕ ಕಲಿಕೆ ಎಂದು ಇಂದು ವಿಶ್ವವಿದ್ಯಾಲಯಗಳು ಕರೆಯುವ ಪದ್ಧತಿ ಹುಟ್ಟಿದ್ದು ಒಂದು ಅಣೆಕಟ್ಟು ಸೀಮೆಯಲ್ಲಿ. 1966-67ರ ಸುಮಾರಿಗೆ ಅಮೆರಿಕದ ಟೆನ್ನೆಸ್ಸಿ ಕಣಿವೆ ಪ್ರಾಧಿಕಾರದ ಜೊತೆಗೂಡಿ ಓಕ್ ರಿಜ್‌ನ ವಿಶ್ವವಿದ್ಯಾಲಯ ಒಕ್ಕೂಟ ವಿದ್ಯಾರ್ಥಿಗಳನ್ನು ಉಪನದಿ ಪ್ರದೇಶಗಳ ಅಭಿವೃದ್ಧಿ ಸಂಘಗಳಿಗೆ ಕಳಿಸಿತು. ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಬರೆದ ತತ್ವಗಳಲ್ಲಿ ಮೊದಲನೆಯದು, ಯಾವ ಸೇವೆ ಬೇಕೆಂದು ನಿರ್ಧರಿಸುವವರು ಸೇವೆ ಪಡೆಯುವವರೇ ಆಗಿರಬೇಕು ಎಂಬುದು. ತುಂಗಭದ್ರೆಯ ಹಿನ್ನೀರು ಮತ್ತು ಚಿಕ್ಕಹಗರಿಯ ನಡುವಿನ ಈ ತಾಲ್ಲೂಕಿಗೆ ಆ ತತ್ವ ದೂರದ್ದೇನಲ್ಲ. ಆದರೆ ನಮ್ಮಲ್ಲಿ ಯಾವ ಸೇವೆ ಎಂದು ನಿರ್ಧರಿಸುವುದು ಕಾಲೇಜು, ಒಪ್ಪಿಗೆ ಕೊಡುವುದು ಕಚೇರಿ, ಸಹಿ ಹಾಕುವುದು ಅಧಿಕಾರಿ. ಊರಿನವರನ್ನು ಯಾರೂ ಕೇಳುವುದಿಲ್ಲ.

ನಮ್ಮ ದೇಶದಲ್ಲಿ ಸೇವೆಯ ಮೂಲಕ ಕಲಿಕೆಯ ದೊಡ್ಡ ಪ್ರಯೋಗಕ್ಕೆ ಬಳ್ಳಾರಿಯ ನಂಟಿದೆ. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕೇಂದ್ರ ಶಿಕ್ಷಣ ಸಚಿವರಾಗಿದ್ದಾಗಲೇ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಶುರುವಾಯಿತು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಶಿಬಿರ. ರಾಷ್ಟ್ರೀಯ ವರಮಾನದ ಲೆಕ್ಕ ಹಾಕಿ ಹೆಸರು ಮಾಡಿದ ರಾವ್ ಅವರ ಕಾಲದಲ್ಲಿ ಹುಟ್ಟಿದ ಯೋಜನೆಗೆ ಗಂಟೆಗಳ ಲೆಕ್ಕವೇ ಅಂಟಿಕೊಂಡಿತಲ್ಲ ಎಂದು ಒಮ್ಮೊಮ್ಮೆ ನಗು ಬರುತ್ತದೆ. ಶಿಬಿರಗಳಿಂದ ಏನೂ ಆಗಲಿಲ್ಲ ಎನ್ನಲಾರೆ. ಹಳ್ಳಿಯ ಶಾಲೆಯಲ್ಲಿ ಏಳು ರಾತ್ರಿ ಮಲಗಿ, ಬೇರೆ ಜಾತಿಯವರ ಜೊತೆ ಒಂದೇ ಪಂಕ್ತಿಯಲ್ಲಿ ಉಂಡ ಹುಡುಗರಿಗೆ ಅದು ಸಣ್ಣ ಕಲಿಕೆಯಲ್ಲ. ಆದರೆ ಚರಂಡಿ ಬಳಿಯುವ ಶ್ರಮದಾನ, ಚರಂಡಿಗೆ ಬಂದ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆಯವರೆಗೆ ಹೋಗಲೇ ಇಲ್ಲ.

ಈಗಿನ ಯುಜಿಸಿ ಚೌಕಟ್ಟೂ ಗಂಟೆಯ ಭಾಷೆಯನ್ನೇ ಆಡುತ್ತದೆ. ಇಂಟರ್ನ್‌ಶಿಪ್ಪಿನ 30 ಗಂಟೆಗೆ ಒಂದು ಕ್ರೆಡಿಟ್. ಕರ್ನಾಟಕ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅಪ್ಪಿಕೊಂಡು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಈ ಹೋಗು-ಬರುವಿನಲ್ಲಿ ಪಠ್ಯಕ್ರಮಗಳು ಬದಲಾದವು. ಕಚೇರಿಯಲ್ಲಿ ವಿದ್ಯಾರ್ಥಿ ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಕೂತಲ್ಲೇ ಕೂತಿದೆ. ಸಿಬ್ಬಂದಿ ಕಡಿಮೆ ಇರುವ ಕಡೆ ವಿದ್ಯಾರ್ಥಿಗಳನ್ನು ಡೇಟಾ ಎಂಟ್ರಿಗೆ ಹಚ್ಚುತ್ತಾರೆ. ಇದನ್ನು ಬಿಟ್ಟಿ ಚಾಕರಿ ಎಂದು ಬೈಯುವವರಿದ್ದಾರೆ. ಬೈಗುಳದಲ್ಲಿ ಅರ್ಧ ನಿಜವಿದೆ. ಆದರೆ ತಾನು ತುಂಬಿದ ಕಾಲಮ್ಮು ಮುಂದೆ ಯಾವ ಮೇಜಿಗೆ ಹೋಗುತ್ತದೆ, ಅದು ಖಾಲಿ ಉಳಿದರೆ ಯಾರ ಪಡಿತರ ನಿಲ್ಲುತ್ತದೆ ಎಂದು ತಿಳಿದು ಕೂತರೆ ಟೈಪು ಮಾಡುವುದೂ ಆಡಳಿತದ ಪಾಠವೇ.

ಒಂದು ಕಾಗದವನ್ನೇ ತೆಗೆದುಕೊಳ್ಳಿ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ಎಷ್ಟೋ ಮನೆಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಬ್ಬಿಗೆ ಗುಳೆ ಹೋಗುತ್ತವೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದಿಟ್ಟ ಮಾತು ಸರಳವಾಗಿತ್ತು: ನಮೂನೆ 6ರಲ್ಲಿ ಕೆಲಸ ಕೇಳಿದವರಿಗೆ ದಿನಾಂಕ ಹಾಕಿದ ರಸೀದಿ ಕೊಡಬೇಕು, 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ರಸೀದಿ ಇಲ್ಲದಿದ್ದರೆ ಕೇಳಿದ್ದಕ್ಕೇ ಸಾಕ್ಷಿಯಿಲ್ಲ, ಭತ್ಯೆಯ ಮಾತೂ ಇಲ್ಲ. ಹಕ್ಕೊಂದು ಅಂಗೈಯಗಲದ ಚೀಟಿಯ ಮೇಲೆ ಹೇಗೆ ನಿಂತಿರುತ್ತದೆ ಎಂಬುದನ್ನು ಮ್ಯಾಕ್ಸ್ ವೆಬರ್‌ನ ಅಧ್ಯಾಯಕ್ಕಿಂತ ಚೆನ್ನಾಗಿ ಇದು ಕಲಿಸುತ್ತದೆ. ಒಬ್ಬ ವಿದ್ಯಾರ್ಥಿ ಒಂದು ಓಣಿಯ ಹತ್ತು ಮನೆಗಳ ಜೊತೆ ಅರ್ಜಿ ಬರೆಸಿ, ರಸೀದಿ ಪಡೆದು, ಕೂಲಿ ಖಾತೆಗೆ ಬೀಳುವವರೆಗೆ ಬೆನ್ನು ಹತ್ತಿದರೆ ವರದಿಯಲ್ಲಿ ಬರೆಯಲು ಜಾಗ ಸಾಲದು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆಯ ಅರ್ಜಿಗಳನ್ನೂ ಹೀಗೆ ಹಿಡಿಯಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂದು ಆ ಕಾಯ್ದೆ ಹೇಳುತ್ತದೆ. ನಿಮ್ಮ ಬೀದಿಯಲ್ಲಿ ಅದನ್ನು ಪಡೆದವರು ಯಾರು? ಇದಕ್ಕಿಂತ ಒಳ್ಳೆಯ ಪ್ರಬಂಧ ವಿಷಯ ನನಗೆ ಹೊಳೆಯುವುದಿಲ್ಲ.

ಇನ್ನೊಂದು ಪಾಠಶಾಲೆ ತಾಲ್ಲೂಕಿನೊಳಗೇ ಇದೆ. ಅಂಕಸಮುದ್ರದ ಕೆರೆ ನೀರಾವರಿಗೆಂದು ಶತಮಾನಗಳ ಹಿಂದೆ ಕಟ್ಟಿದ್ದು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರ ಜನವರಿಯಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿತು. ಸುಮಾರು 244 ಎಕರೆಯ ಈ ಕೆರೆಯ ಮೇಲೆ ಅರಣ್ಯ ಇಲಾಖೆಗೂ, ಪಂಚಾಯಿತಿಗೂ, ನೀರು ನಂಬಿದ ರೈತರಿಗೂ ಮಾತಿದೆ. ಇಂಥ ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಆ ಪ್ರತಿನಿಧಿ ಸಭೆಯಲ್ಲಿ ಏನು ಹೇಳಿದರು, ನಡಾವಳಿಯಲ್ಲಿ ಏನು ದಾಖಲಾಯಿತು, ಗ್ರಾಮಸಭೆಗೆ ಅದು ತಲುಪಿತೇ? ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವುದು ಹಕ್ಕಿ ನೋಡಲು, ಸೆಲ್ಫಿ ತೆಗೆಯಲು. ಹಕ್ಕಿ ನೋಡಲಿ, ಬೇಡವೆನ್ನುವುದಿಲ್ಲ. ನಡಾವಳಿಯನ್ನೂ ಓದಲಿ.

ಊರಿನ ಮಕ್ಕಳನ್ನೇ ಊರಿನ ಲೆಕ್ಕ ಕೇಳಲು ಬಿಟ್ಟರೆ ಪಕ್ಷ, ಜಾತಿ, ಹಳೆಯ ಜಗಳ ಒಳಗೆ ಬರುತ್ತವೆ ಎಂಬ ಅಳುಕು ನ್ಯಾಯವಾದದ್ದೇ. ಹಾಗಾಗಿ ಅರ್ಜಿ ಹಿಂಬಾಲಿಸುವ ಕೆಲಸ ಸ್ವಂತ ಊರಿನಲ್ಲಿ, ಲೆಕ್ಕ ನೋಡುವ ಕೆಲಸ ಪಕ್ಕದ ಪಂಚಾಯಿತಿಯಲ್ಲಿ ಎಂದು ಬೇರ್ಪಡಿಸಬಹುದು. ಪಿಡಿಒಗಳ ಕಷ್ಟವೂ ಸುಳ್ಳಲ್ಲ. ನೀರು, ತೆರಿಗೆ, ಇ-ಸ್ವತ್ತು, ವಿಡಿಯೊ ಕಾನ್ಫರೆನ್ಸ್‌ಗಳ ನಡುವೆ ಅವರಿಗೆ ಇಂಟರ್ನ್ ಎಂದರೆ ಇನ್ನೊಂದು ಟಪಾಲು. ಅವರನ್ನೇ ಗುರುಗಳನ್ನಾಗಿ ಮಾಡಿ, ಅಂಕದ ಹೊರೆಯನ್ನೂ ಹೊರಿಸಿದ್ದು ವಿಶ್ವವಿದ್ಯಾಲಯಗಳ ಜಾಣತನ. ಕಚೇರಿಯ ವಿಳಂಬದ ಬಗ್ಗೆ ಬರೆದ ವಿದ್ಯಾರ್ಥಿಗೆ ಆ ಕಚೇರಿಯ ಅಧಿಕಾರಿ ಹೇಗೆ ಅಂಕ ಕೊಟ್ಟಾರು? ಅಂಕದ ಒಂದು ಪಾಲನ್ನು ಅರ್ಜಿದಾರರ ಹೇಳಿಕೆ ಕೇಳಿ ಕೊಡುವಂತಾಗಬೇಕು.

ಇಂಥ ಕಲಿಕೆಯನ್ನು ಕೆಡಿಸುತ್ತಿರುವುದು ಸಿದ್ಧಾಂತಕ್ಕಿಂತ ವೇಳಾಪಟ್ಟಿ. ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರೆದುರು ಬಿಚ್ಚಿಡುವ ಜಮಾಬಂದಿ ನಡೆಯಬೇಕಾದ್ದು ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ. ಕಾಲೇಜು ವಿದ್ಯಾರ್ಥಿಗಳನ್ನು ಕಳಿಸುವುದು ರಜೆಯಲ್ಲಿ, ಕಚೇರಿಯಲ್ಲಿ ನೋಡಲು ಏನೂ ಇಲ್ಲದ ಹೊತ್ತಿನಲ್ಲಿ. ಮಾರ್ಗದರ್ಶಕರಾದರೂ ಜೊತೆಗೆ ಹೋಗಲಿ ಎಂದರೆ, ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಹಳಷ್ಟು ಪಾಠ ನಡೆಸುವವರು ಅತಿಥಿ ಉಪನ್ಯಾಸಕರು. ಅವರ ಸಂಭಾವನೆ ತರಗತಿಯ ಗಂಟೆಗಳಿಗೆ ಕಟ್ಟಿದ್ದು. ಜಮಾಬಂದಿಯ ದಿನ ವಿದ್ಯಾರ್ಥಿಗೆ ಹಾಜರಾತಿ, ಜೊತೆಗೆ ಹೋದ ಉಪನ್ಯಾಸಕರಿಗೆ ಆ ದಿನದ ಕಾರ್ಯಭಾರ: ಈ ಎರಡಕ್ಕೆ ಹೊಸ ಶಿಕ್ಷಣ ನೀತಿ ಬೇಕಿಲ್ಲ, ಬಳ್ಳಾರಿಯ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಸಾಕು.