ಮುಗಿದ ಧಾರಾವಾಹಿಗೆ ಯಾವ ಕಾಲ?

‘ಮಾಲ್ಗುಡಿ ಡೇಸ್ ದೂರದರ್ಶನದ ಜನಪ್ರಿಯ ಧಾರಾವಾಹಿಯಾಗಿತ್ತು.’ ಅದನ್ನು ನಿರ್ದೇಶಿಸಿದ ಶಂಕರ್ ನಾಗ್ ಅವರನ್ನು ನೆನೆಯುವ ಬರಹಗಳಲ್ಲಿ ಇಂಥದೊಂದು ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊನೆಯ ‘ಆಗಿತ್ತು’ ಒಂದು ತೀರ್ಪನ್ನೂ ಕೊಟ್ಟುಬಿಡುತ್ತದೆ: ಅದರ ಕಾಲ ಮುಗಿಯಿತು, ಅದೀಗ ಇಲ್ಲ. 1987ರ ಪ್ರಸಾರ ಮುಗಿದದ್ದು ನಿಜ, ಶಂಕರ್ ನಾಗ್ 1990ರಲ್ಲಿ ತೀರಿಕೊಂಡದ್ದೂ ನಿಜ. ಧಾರಾವಾಹಿ ಮಾತ್ರ ಇದೆ. ಆಗ ಹುಟ್ಟಿಯೇ ಇರದಿದ್ದವರು ಇವತ್ತು ಅದನ್ನು ಮೊದಲ ಸಲ ನೋಡುತ್ತಿದ್ದಾರೆ. ಅವರ ಮುಂದೆ ಈ ‘ಆಗಿತ್ತು’ ಸುಳ್ಳಾಗುತ್ತದೆ.

ಸಾಹಿತ್ಯದ ವಿಷಯದಲ್ಲಿ ನಾವು ಹೀಗೆ ಬರೆಯುವುದಿಲ್ಲ. ಪಂಪನಿಗೆ ಸಾವಿರ ವರ್ಷ ದಾಟಿದ್ದರೂ ನಮ್ಮ ವಿಮರ್ಶಕರು ‘ಪಂಪನ ಕರ್ಣ ದುರ್ಯೋಧನನನ್ನು ಬಿಟ್ಟುಕೊಡುವುದಿಲ್ಲ’ ಎಂದೇ ಬರೆಯುತ್ತಾರೆ. ‘ಬಿಟ್ಟುಕೊಡುತ್ತಿರಲಿಲ್ಲ’ ಎಂದು ಬರೆದರೆ ಓದುಗ ಹುಬ್ಬು ಗಂಟಿಕ್ಕುತ್ತಾನೆ. ಕಾವ್ಯಕ್ಕೆ ಸಲ್ಲುವ ಈ ವರ್ತಮಾನ ಕಿರುತೆರೆಗೆ ಬಂದಾಗ ಯಾಕೆ ಕೈತಪ್ಪುತ್ತದೆ? ಧಾರಾವಾಹಿಯನ್ನು ನಾವು ಕೃತಿಯಾಗಿ ನೋಡುವುದಕ್ಕಿಂತ ದಿನಚರಿಯ ಭಾಗವಾಗಿ ನೆನಪಿಟ್ಟುಕೊಳ್ಳುವುದೇ ಕಾರಣ ಅನ್ನಿಸುತ್ತದೆ. ಇಂಥ ದಿನ, ಇಷ್ಟು ಗಂಟೆಗೆ, ಪಕ್ಕದ ಮನೆಯವರ ಜೊತೆ ಕೂತು ನೋಡುತ್ತಿದ್ದೆವು. ಈ ‘ನೋಡುತ್ತಿದ್ದೆವು’ ನಮ್ಮ ಬಾಳಿಗೆ ಸೇರಿದ ಭೂತಕಾಲ. ಅದನ್ನು ಕೃತಿಯ ಮೇಲೆ ಹೊರಿಸುವುದು ಅನ್ಯಾಯ.

ಕಥೆ ಹೇಳುವಾಗ ಈ ಅನ್ಯಾಯ ಇನ್ನೂ ಎದ್ದು ಕಾಣುತ್ತದೆ. ಮಾಲ್ಗುಡಿ ಡೇಸ್‌ನಲ್ಲಿ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ, ಹುಡುಗ ಸ್ವಾಮಿ ರೈಲು ನಿಲ್ದಾಣಕ್ಕೆ ಬರುತ್ತಾನೆ. ‘ಬಂದಿದ್ದ’ ಎಂದರೆ ಸ್ವಾಮಿ ಆಮೇಲೆ ಬೆಳೆದು ಎಲ್ಲೋ ನೌಕರಿಗೆ ಸೇರಿಕೊಂಡನೇನೋ ಅನ್ನಿಸುತ್ತದೆ. ಬೆಳೆದವರು ಆ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್. ಸ್ವಾಮಿ ಎಂದೆಂದಿಗೂ ಹುಡುಗ. ಅವನ ಅಪ್ಪನಾಗಿ ಕಾಣಿಸಿಕೊಂಡ ಗಿರೀಶ ಕಾರ್ನಾಡರು ಇಂದು ನಮ್ಮೊಂದಿಗಿಲ್ಲ, ಆ ಅಪ್ಪನ ಗದರಿಕೆಗೆ ಸ್ವಾಮಿ ಈಗಲೂ ಹೆದರುತ್ತಾನೆ. ನಟರಿಗೆ ಒಂದು ಕಾಲ, ಪಾತ್ರಗಳಿಗೆ ಇನ್ನೊಂದು. ಒಂದೇ ವಾಕ್ಯದಲ್ಲಿ ಇಬ್ಬರೂ ಬಂದಾಗ ಎರಡನ್ನೂ ಉಳಿಸಿಕೊಳ್ಳುವುದೇ ಬರೆಯುವವರ ಕಸುಬು. ಮಾಲ್ಗುಡಿಯ ನಿಲ್ದಾಣವಾದ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ಕಟ್ಟಡ 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕಟ್ಟಡಕ್ಕೆ ಆ ಮರ್ಯಾದೆ ಒಪ್ಪುತ್ತದೆ, ಸ್ವಾಮಿಗೆ ಒಪ್ಪುವುದಿಲ್ಲ.

ಇಂಗ್ಲಿಷ್ ವಿಕಿಪೀಡಿಯ ಮುಗಿದುಹೋದ ಧಾರಾವಾಹಿಗಳನ್ನೂ ವರ್ತಮಾನದಲ್ಲೇ ಪರಿಚಯಿಸುತ್ತದೆ. ಇಂಗ್ಲಿಷಿನ ವಾಕ್ಯಕ್ಕೆ ಕ್ರಿಯಾಪದ ಬೇಕೇ ಬೇಕು, ಹಾಗಾಗಿ ಅಲ್ಲಿ ಎರಡು ಕಾಲಗಳಲ್ಲಿ ಒಂದನ್ನು ಆರಿಸದೆ ವಿಧಿಯಿಲ್ಲ. ಕನ್ನಡಕ್ಕೆ ಆ ಕಟ್ಟೇ ಇಲ್ಲ. ‘ಮಾಲ್ಗುಡಿ ಡೇಸ್ ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ ಧಾರಾವಾಹಿ’ ಎಂದರೆ ವಾಕ್ಯ ಅಲ್ಲಿಗೇ ಪೂರ್ಣ. ಇಷ್ಟು ಹದವಾದ ವಾಕ್ಯ ಕೈಯಲ್ಲಿರುವಾಗ ಅದರ ಬಾಲಕ್ಕೆ ‘ಆಗಿತ್ತು’ ಅಂಟಿಸುವುದು ನನಗೆ ಬೇಸರ ತರುತ್ತದೆ.

ಭೂತಕಾಲ ಬೇಕಾದ ಕಡೆ ಬೇಕೇ ಬೇಕು. ಪ್ರಸಾರ, ವಾಹಿನಿ, ಜನಪ್ರಿಯತೆ, ಚಿತ್ರೀಕರಣ ಇವೆಲ್ಲ ನಡೆದುಹೋದ ಸಂಗತಿಗಳು. ಮುದ್ರಣವಾಗಿ ಉಳಿಯದ ನೇರ ಪ್ರಸಾರಗಳೂ ಹಾಗೆಯೇ. 1960 ಮತ್ತು 70ರ ದಶಕಗಳಲ್ಲಿ ಬಿಬಿಸಿ ತನ್ನ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಅದರ ‘ಡಾಕ್ಟರ್ ಹೂ’ ಧಾರಾವಾಹಿಯ ಎಷ್ಟೋ ಕಂತುಗಳು ಹಾಗೆ ಕಳೆದುಹೋದವು. ಆದರೆ ಮನೆಗಳಲ್ಲಿ ಅಭಿಮಾನಿಗಳು ಮಾಡಿಕೊಂಡ ಧ್ವನಿಮುದ್ರಣಗಳು ಉಳಿದುಕೊಂಡಿವೆ. ಅಂಥ ಕಂತಿನಲ್ಲಿ ಪಾತ್ರ ‘ಮಾತಾಡುತ್ತದೆ’ ಎನ್ನಬಹುದು. ಹೇಗೆ ನಡೆಯಿತು, ಯಾವ ಭಾವ ಮುಖದ ಮೇಲೆ ಸುಳಿಯಿತು ಎಂಬುದಕ್ಕೆ ಮಾತ್ರ ಭೂತಕಾಲವೇ ಗತಿ.

ಟಿ. ಎನ್. ಸೀತಾರಾಮ್ ಅವರ ಧಾರಾವಾಹಿಗಳು ಈ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ. ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆ ಅವರು ನಿರ್ದೇಶಿಸಿದ ‘ಮಾಯಾಮೃಗ’ 1998ರಲ್ಲಿ ಶುರುವಾಯಿತು. 2022ರಲ್ಲಿ ‘ಮತ್ತೆ ಮಾಯಾಮೃಗ’ ಬಂದು ಅದೇ ಕಥೆಯನ್ನು ಮುಂದಿನ ತಲೆಮಾರಿಗೆ ಕೊಂಡೊಯ್ದಿತು. ಈ ಎರಡನೆಯದರ ಬಗ್ಗೆ ಬರೆಯುವಾಗ ಮೊದಲನೆಯದರ ಘಟನೆಗಳು ಪಾತ್ರಗಳಿಗೇ ನೆನಪುಗಳು. ಅಲ್ಲಿ ‘ನಡೆದಿತ್ತು’ ಎನ್ನುವುದು ಕಥೆಯೊಳಗಿನ ಸತ್ಯ. ಮೊದಲನೆಯದನ್ನೇ ವಿಮರ್ಶಿಸುವಾಗ ಅದು ಮತ್ತೆ ‘ನಡೆಯುತ್ತದೆ’ ಆಗಬೇಕು.

ಅವರ ‘ಮಗಳು ಜಾನಕಿ’ಯದು ಬೇರೆಯೇ ಸಂಕಟ. 2018ರಲ್ಲಿ ಆರಂಭವಾದ ಆ ಧಾರಾವಾಹಿ 2020ರ ಕೊರೊನಾ ದಿನಗಳಲ್ಲಿ ನಿಂತುಹೋಯಿತು. ಕಥೆ ಮುಗಿದಿರಲಿಲ್ಲ. ಪ್ರಸಾರವನ್ನು ‘ನಿಂತಿತು’ ಎಂದು ಬರೆಯೋಣ. ಜಾನಕಿಯ ಬದುಕಿನ ಬಗ್ಗೆ ಬರೆಯುವವರು ಅವಳ ಪ್ರಶ್ನೆಗಳನ್ನು ಭೂತಕಾಲಕ್ಕೆ ತಳ್ಳಿದರೆ, ಯಾರೂ ಬರೆಯದ ಮುಕ್ತಾಯವೊಂದನ್ನು ತಾವೇ ಬರೆದಂತಾಗುತ್ತದೆ.